ಆರ್ಕಿಟೆಕ್ಟ್ ಆಗಿ ಕೆಲಸ ಮಾಡುತ್ತಲೇ ಕಲಿಸುವುದು, ಬರೆಯುವುದು ಆಗುತ್ತದಾ?

ನಿಮ್ಮ ಪ್ರಶ್ನೆ ಹೀಗಿದೆ: ಓದು ಮುಗಿಸಿ ಕೆಲವು ವರ್ಷದಿಂದ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೀರಿ. ಈಗ ಒಂದು ಕಾಲೇಜಿನವರು ವಿಸಿಟಿಂಗ್ ಫ್ಯಾಕಲ್ಟಿಯಾಗಿ ಬನ್ನಿ ಅಂತ ಕರೆದಿದ್ದಾರೆ. ಬರೆಯುವ ಆಸೆಯೂ ಇದೆ. ಆದರೆ ಸೀನಿಯರ್‌ಗಳು, ಎರಡು ದೋಣಿಯಲ್ಲಿ ಕಾಲಿಡಬೇಡ, ಮೊದಲು ಒಂದು ಕೆಲಸ ನೆಟ್ಟಗೆ ಕಲಿ ಅಂತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಆರ್ಕಿಟೆಕ್ಟ್. ದಕ್ಷಿಣ ಬೆಂಗಳೂರಿನಲ್ಲಿ ಸಣ್ಣ ಆಫೀಸು. ಹೆಚ್ಚಾಗಿ 30x40 ಅಡಿ ಸೈಟಿನ ಮನೆಗಳು, ಅಪರೂಪಕ್ಕೊಂದು ಶಾಲೆ. ವಾರದಲ್ಲಿ ಎರಡು ಮಧ್ಯಾಹ್ನ ಕಾಲೇಜಿನಲ್ಲಿ ಡಿಸೈನ್ ಸ್ಟುಡಿಯೋ ಕ್ಲಾಸು ತೆಗೆದುಕೊಳ್ಳುತ್ತೇನೆ, ಬಿಡುವಾದಾಗ ಬರೆಯುತ್ತೇನೆ. ಖಂಡಿತ ಮಾಡಬಹುದು. ಆದರೆ ಕಟ್ಟುವುದು, ಕಲಿಸುವುದು, ಬರೆಯುವುದು, ವಿಮರ್ಶೆ ಮಾಡುವುದು ಅಂತ ನಾಲ್ಕು ಬೇರೆ ಬೇರೆ ಕೆಲಸ ಹೊತ್ತುಕೊಂಡರೆ ಒಂದೇ ವರ್ಷದಲ್ಲಿ ಸುಸ್ತಾಗುತ್ತೀರಿ. ಒಂದು ಪ್ರಶ್ನೆ ಹಿಡಿದುಕೊಳ್ಳಿ. ಅದನ್ನೇ ಸೈಟಿನಲ್ಲಿ ಕೇಳಿ, ಕ್ಲಾಸಿನಲ್ಲಿ ಕೇಳಿ, ಅದರ ಬಗ್ಗೆಯೇ ಬರೆಯಿರಿ.

ಉದಾಹರಣೆ ಕೊಡದಿದ್ದರೆ ಇದು ಸುಮ್ನೆ ಭಾಷಣ ಆಗುತ್ತದೆ. ಸ್ಟುಡಿಯೋದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಚಜ್ಜ ನಾಲ್ಕೂ ಕಡೆ ಎರಡಡಿ ಯಾಕೆ?" ಒಳ್ಳೆ ಪ್ರಶ್ನೆ. ಚಜ್ಜ ಅಂದರೆ ಕಿಟಕಿಯ ಮೇಲೆ ಹೊರಚಾಚುವ ಕಾಂಕ್ರೀಟ್ ಹಲಗೆ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಒಂದು ಸುತ್ತು ಹಾಕಿ, ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಅಳತೆಯ ಚಜ್ಜ ಕಾಣುತ್ತದೆ. ಬಿಸಿಲಿಗೆ, ಮಳೆಗೆ ಅಂತ ಉತ್ತರ ಕೊಟ್ಟು ಮುಂದೆ ಹೋಗಬಹುದಿತ್ತು. ಮರುದಿನ ಸೈಟಿನಲ್ಲಿ ಮೇಸ್ತ್ರಿಯನ್ನು ಕೇಳಿದೆ. ಅವರು ನಕ್ಕರು. "ಸೆಂಟ್ರಿಂಗ್ ಶೀಟು ಮೂರಡಿ ಬೈ ಎರಡಡಿ ಬರುತ್ತೆ ಮೇಡಂ. ಎರಡಡಿ ಅಂದ್ರೆ ಶೀಟು ಹಂಗೇ ಕೂರುತ್ತೆ. ಹದಿನೆಂಟು ಇಂಚು ಅಂದ್ರೆ ನಮಗೆ ತಲೆನೋವು." ಸೆಂಟ್ರಿಂಗ್ ಶೀಟು ಅಂದರೆ ಕಾಂಕ್ರೀಟ್ ಸುರಿಯಲು ಕೆಳಗೆ ಕೊಡುವ ಅಚ್ಚಿನ ತಗಡು. ಅವರ ಲೆಕ್ಕದಲ್ಲಿ ಸೂರ್ಯ ಎಲ್ಲೂ ಇಲ್ಲ!

ಇದನ್ನು ಕ್ಲಾಸಿಗೆ ತಂದೆ, ಎಲ್ಲರೂ ಕೂತು ಲೆಕ್ಕ ಹಾಕಿದೆವು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ಎರಡಡಿ ಚಜ್ಜ ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ನೆರಳು ಕೊಡುತ್ತದೆ. ಕಿಟಕಿ ನಾಲ್ಕಡಿ ಇದ್ದರೆ ಕೆಳಗಿನ ಒಂದಡಿ ಚಿಲ್ಲರೆಯಲ್ಲಿ ಬಿಸಿಲು ಒಳಗೆ ಬರುತ್ತದೆ. ಚಳಿಗಾಲ, ಬರಲಿ ಬಿಡಿ. ಜೂನ್‌ನಲ್ಲಿ ಕಥೆಯೇ ಬೇರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೀವಲ್ಲ, ಅದು ಯುರೋಪಿನ ಮಾತು, ನಮ್ಮೂರಿನದಲ್ಲ. ಇನ್ನು ಪಶ್ಚಿಮ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. ಆಗ ಅದೇ ಎರಡಡಿ ಚಜ್ಜದ ನೆರಳು ಒಂದಡಿಗಿಂತ ಚೂರು ಜಾಸ್ತಿ, ಅಷ್ಟೇ. ಉಳಿದ ಕಿಟಕಿಯೆಲ್ಲ ಬಿಸಿಲಿಗೆ.

ಹಾಗಾದರೆ ಪಶ್ಚಿಮದ ಚಜ್ಜ ತೆಗೆದುಬಿಡೋಣ ಅಂದ ಒಬ್ಬ ಹುಡುಗ. ತೆಗೆಯುವಂತಿಲ್ಲ. ಮುಂಗಾರು ಗಾಳಿ ಬರುವುದೇ ಆ ಕಡೆಯಿಂದ, ಚಜ್ಜ ಇಲ್ಲದಿದ್ದರೆ ಮಳೆನೀರು ಕಿಟಕಿ ಚೌಕಟ್ಟಿಗೇ ಹೊಡೆಯುತ್ತದೆ. ಚಜ್ಜ ಮಳೆಗೆ ಇರಲಿ, ಬಿಸಿಲಿಗೆ ಬೇರೆ ದಾರಿ ಹುಡುಕೋಣ ಅಂತ ತೀರ್ಮಾನವಾಯಿತು. ನಿಲುವಾದ ಅಡ್ಡಗೋಡೆ, ಜಾಲಿ (ಸಣ್ಣ ಕಿಂಡಿಗಳಿರುವ ಗೋಡೆ), ಮರ. ಅಥವಾ ಪ್ಲಾನಿನಲ್ಲೇ ಮೆಟ್ಟಿಲು, ಬಚ್ಚಲು, ವಾರ್ಡ್‌ರೋಬ್ ಎಲ್ಲ ಪಶ್ಚಿಮಕ್ಕೆ ತಳ್ಳುವುದು. ನನಗೆ ವಿಮರ್ಶಾತ್ಮಕ ಯೋಚನೆ ಅಂದರೆ ಇಷ್ಟೇ: ಒಂದು ರೂಢಿಗೆ ಎಷ್ಟು ಕಾರಣ ಇವೆ, ಯಾವುದು ಈಗಲೂ ನಿಜ, ಯಾವುದು ಶೀಟಿನ ಅಳತೆ ಅಂತ ಬಿಡಿಸಿ ನೋಡುವುದು. ಇದಕ್ಕೆ ಫ್ರೆಂಚ್ ತತ್ವಜ್ಞಾನಿಗಳ ಹೆಸರು ಬೇಕಾಗಿಲ್ಲ.

ಆಮೇಲೆ ಇದನ್ನೇ ಒಂದು ಪುಟದಲ್ಲಿ ಬರೆಯಲು ಕೂತೆ. ಕ್ಲಾಸಿನಲ್ಲಿ ಕೈ ಆಡಿಸಿ, ಬೋರ್ಡಿನ ಮೇಲೆ ಗೀಚಿ ದಾಟಿಸಿಬಿಡುವ ಮಾತು ಹಾಳೆಯ ಮೇಲೆ ನಿಲ್ಲುವುದಿಲ್ಲ. "ಪಶ್ಚಿಮಕ್ಕೆ ಚಜ್ಜ ಪ್ರಯೋಜನವಿಲ್ಲ" ಅಂತ ಬರೆದ ಕೂಡಲೇ ಯಾವ ತಿಂಗಳು, ಎಷ್ಟು ಗಂಟೆಗೆ, ಕಿಟಕಿ ಎಷ್ಟೆತ್ತರ ಅಂತ ವಾಕ್ಯವೇ ತಿರುಗಿ ಕೇಳುತ್ತದೆ. ಓದುವವರು ಯಾರು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ನನ್ನ ಮಟ್ಟಿಗೆ ಅವರು ಸೈಟಿನ ಮಾಲೀಕರ ತಂದೆ: ರಿಟೈರ್ ಆದವರು, ಪೇಪರ್ ಪೂರ್ತಿ ಓದುವವರು, ಸಿಮೆಂಟ್ ಮೂಟೆ ಎಣಿಸುವವರು. ಅವರಿಗೆ ಅರ್ಥವಾಗದ ಪದ ನನಗೂ ಪೂರ್ತಿ ಅರ್ಥವಾಗಿರುವುದಿಲ್ಲ. ಆ ಒಂದು ಪುಟವನ್ನು ಈಗ ಹೊಸ ಕ್ಲೈಂಟ್‌ಗಳಿಗೆ ಮೊದಲ ಮೀಟಿಂಗ್‌ನಲ್ಲೇ ಕೊಡುತ್ತೇನೆ. ಪಶ್ಚಿಮಕ್ಕೆ ಯಾಕೆ ದೊಡ್ಡ ಗಾಜು ಬೇಡ ಅನ್ನುವ ವಾದದಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಹೀಗೆ ಬರವಣಿಗೆ ಆಫೀಸಿನ ಕೆಲಸಕ್ಕೇ ವಾಪಸ್ ಬರುತ್ತದೆ.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು ಇದೇ ಊರಲ್ಲಿದ್ದರು. ಓಟ್ಟೊ ಕ್ಯೋನಿಗ್ಸ್‌ಬರ್ಗರ್ ಬರ್ಲಿನ್‌ನವರು. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿನ ಮುಖ್ಯ ವಾಸ್ತುಶಿಲ್ಪಿ ಆದರು. ಟಾಟಾ ಇನ್‌ಸ್ಟಿಟ್ಯೂಟ್‌ನ (ಅಂದರೆ ಐಐಎಸ್‌ಸಿಯ) ಏರೋನಾಟಿಕ್ಸ್ ವಿಭಾಗದ ಕಟ್ಟಡಗಳು ಅವರದ್ದೇ. ನಮ್ಮ ಬಿಸಿಲು, ಗಾಳಿ, ಮಳೆ ನೋಡಿಕೊಂಡು ಕಟ್ಟಿದವರು ಆಮೇಲೆ ಲಂಡನ್‌ಗೆ ಹೋಗಿ, 1950ರ ದಶಕದಲ್ಲಿ ಅಲ್ಲಿನ ಎ.ಎ. (ಆರ್ಕಿಟೆಕ್ಚರಲ್ ಅಸೋಸಿಯೇಷನ್) ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನೇ ಪಾಠವಾಗಿ ಕಲಿಸಿದರು. 1970ರ ದಶಕದಲ್ಲಿ ಸಹಲೇಖಕರ ಜೊತೆ ಬರೆದ ಪಠ್ಯಪುಸ್ತಕ ಇವತ್ತಿಗೂ ನಮ್ಮ ಕಾಲೇಜು ಲೈಬ್ರರಿಗಳಲ್ಲಿದೆ. ಚಜ್ಜದ ನೆರಳಿನ ಲೆಕ್ಕ ನಾನು ಕಲಿತದ್ದೂ ಅದರಿಂದಲೇ. ಅದೇ ಇನ್‌ಸ್ಟಿಟ್ಯೂಟ್‌ನಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಹುಡುಕುತ್ತಿದ್ದ 'ಅಸ್ತ್ರ' ಕೇಂದ್ರದವರನ್ನೂ ನೋಡಿ. ಇಟ್ಟಿಗೆಯನ್ನು ಸುಡದೆ ಮನೆ ಕಟ್ಟಬಹುದಾ ಅನ್ನುವ ಪ್ರಶ್ನೆ ಹಿಡಿದು ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಬ್ಲಾಕ್‌ಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದರು, ಅದರಲ್ಲಿ ಮನೆ ಕಟ್ಟಿದರು, ಬೇರೆಯವರಿಗೆ ಕಲಿಸಿದರು, ಬರೆದರು.

ಆರ್ಕಿಟೆಕ್ಟ್ ಬಿ.ವಿ. ದೋಶಿಯವರ ಹೆಸರು ನಿಮ್ಮ ಸೀನಿಯರ್‌ಗಳೂ ಹೇಳಿರುತ್ತಾರೆ. 1962ರಲ್ಲಿ ಅಹಮದಾಬಾದ್‌ನಲ್ಲಿ ಆರ್ಕಿಟೆಕ್ಚರ್ ಶಾಲೆ ಕಟ್ಟಿದರು, ಜೊತೆಗೆ ಸ್ವಂತ ಆಫೀಸು ನಡೆಸಿದರು, 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು. ಬನ್ನೇರುಘಟ್ಟ ರಸ್ತೆಯ ಐಐಎಂ ಅವರದ್ದೇ. ಒಳಗೆ ಹೋಗುವ ಅವಕಾಶ ಸಿಕ್ಕರೆ ಅಲ್ಲಿನ ಕಲ್ಲಿನ ಕಾರಿಡಾರ್‌ಗಳಲ್ಲಿ ಓಡಾಡಿ. ಬರೀ ದಾಟಿಹೋಗಲು ಅಷ್ಟು ಅಗಲ ಬೇಕಿಲ್ಲ; ಕ್ಲಾಸ್ ಮುಗಿದ ಮೇಲೂ ಜನ ನಿಂತು ಮಾತಾಡಲಿ ಅಂತ ಯೋಚಿಸಿದ ಮೇಷ್ಟ್ರ ಕೈ ಅದರಲ್ಲಿ ಕಾಣುತ್ತದೆ. ಆದರೆ ಅವರನ್ನು ನೋಡಿ ಹೆದರಬೇಡಿ, ಅವರನ್ನೇ ನಕಲು ಮಾಡಲೂ ಹೋಗಬೇಡಿ. ಕಲಿಸುವುದಕ್ಕೆ ಕಾಲೇಜೇ ಬೇಕು ಅಂತಲೂ ಇಲ್ಲ. ಕೇರಳದಲ್ಲಿ ಲಾರಿ ಬೇಕರ್ ಸೈಟಿನಲ್ಲೇ ಗಾರೆಯವರಿಗೆ ಕಲಿಸಿದರು, ಖರ್ಚು ಹೇಗೆ ಇಳಿಸಬಹುದು ಅಂತ ತಾವೇ ಚಿತ್ರ ಬಿಡಿಸಿ ಸಣ್ಣ ಸಣ್ಣ ಪುಸ್ತಿಕೆ ಮಾಡಿದರು.

ಇನ್ನು ವಿಮರ್ಶೆ. ನಮ್ಮಲ್ಲಿ ಇದು ತುಂಬಾ ಬಡಕಲು. ಬೆಂಗಳೂರಿನ ಆರ್ಕಿಟೆಕ್ಟ್ ಸಮುದಾಯ ಸಣ್ಣದು. ಇವತ್ತು ನೀವು ಬೈದವರು ನಾಳೆ ನಿಮ್ಮ ವಿದ್ಯಾರ್ಥಿಗಳ ಜ್ಯೂರಿಯಲ್ಲಿ, ಅಂದರೆ ಅವರ ಡಿಸೈನ್‌ಗಳನ್ನು ನೋಡಿ ಅಳೆಯುವವರ ಸಾಲಿನಲ್ಲಿ, ಕೂತಿರುತ್ತಾರೆ. ಅದಕ್ಕೇ ಪತ್ರಿಕೆಗಳಲ್ಲಿ ಬರುವುದು ಜಾಸ್ತಿ ಹೊಗಳಿಕೆ, ಗೃಹಪ್ರವೇಶಕ್ಕೂ ಮುಂಚೆ ತೆಗೆದ ಫೋಟೋ, ಫೋಟೋದಲ್ಲಿ ಒಂದು ಬಟ್ಟೆ ಒಣಹಾಕುವ ಹಗ್ಗವೂ ಇಲ್ಲ. ನನ್ನ ಸಲಹೆ, ಬೇರೆಯವರ ಕಟ್ಟಡ ಆಮೇಲೆ ನೋಡೋಣ. ನಿಮ್ಮ ಆಫೀಸು ಕಟ್ಟಿದ ಮನೆಗೆ ಒಂದು ಮಳೆಗಾಲ ಕಳೆದ ಮೇಲೆ ಹೋಗಿ. ಮಾಲೀಕರು ಸಂಕೋಚಕ್ಕೆ ಚೆನ್ನಾಗಿದೆ ಅಂತಾರೆ. ಮನೆ ಗುಡಿಸಿ ಒರೆಸುವವರನ್ನು ಕೇಳಿ. ಯಾವ ಮೂಲೆಗೆ ಪೊರಕೆ ಹೋಗಲ್ಲ, ಯುಟಿಲಿಟಿಯಲ್ಲಿ ನೀರು ಎಲ್ಲಿ ನಿಲ್ಲುತ್ತೆ, ಎಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಅದನ್ನು ಬರೆದಿಡಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ವಿಸಿಟಿಂಗ್ ಅಂದರೆ ಗಂಟೆ ಲೆಕ್ಕದ ಗೌರವಧನ, ಅದೂ ಎಲ್ಲ ಕಡೆ ತಿಂಗಳ ಕೊನೆಗೇ ಬರುತ್ತದೆ ಅಂತಿಲ್ಲ. ಅದನ್ನು ನಂಬಿ ಇಎಂಐ ಹಾಕಿಕೊಳ್ಳಬೇಡಿ. ಬರವಣಿಗೆಯಿಂದ ಬರುವುದು ಅದಕ್ಕಿಂತ ಕಡಿಮೆ. ಮನೆ ನಡೆಸುವುದು ಆಫೀಸಿನ ಸಂಬಳವೇ, ಹಾಗಾಗಿ ಬಾಸ್‌ಗೆ ಹೇಳದೆ ಕದ್ದುಮುಚ್ಚಿ ಹೋಗುವುದಂತೂ ಬೇಡವೇ ಬೇಡ. ಎರಡೂ ಕಡೆ ಹೆಸರು ಕೆಡುತ್ತದೆ. ಇನ್ನೊಂದು ಮಾತು: ವಿದ್ಯಾರ್ಥಿಗಳ ಕೈಲಿ ಆಫೀಸಿನ ಡ್ರಾಯಿಂಗ್ ಪುಕ್ಕಟೆ ಮಾಡಿಸಿಕೊಂಡು ಅದಕ್ಕೆ ಎಕ್ಸ್‌ಪೋಶರ್ ಅಂತ ಹೆಸರಿಡುವ ಜನ ಇದ್ದಾರೆ. ನೀವು ಹಾಗಾಗಬೇಡಿ.

ನಿಜವಾದ ಜಗಳ ಇರುವುದು ಸಮಯದ ಜೊತೆ. ಸ್ಲ್ಯಾಬ್ ಹಾಕುವ ದಿನ ನೀವು ಸೈಟಿನಲ್ಲಿರಲೇಬೇಕು, ಜ್ಯೂರಿ ದಿನ ಕಾಲೇಜಿನಲ್ಲಿರಲೇಬೇಕು, ಎರಡೂ ಒಂದೇ ದಿನ ಬಂದೇ ಬರುತ್ತವೆ. ಆಫೀಸು ಜಯನಗರದಲ್ಲಿ, ಕಾಲೇಜು ಯಲಹಂಕದಲ್ಲಿ ಅಂದರೆ ಹೆಬ್ಬಾಳದ ಫ್ಲೈಓವರ್ ಮೇಲೆಯೇ ಅರ್ಧ ಪಾಠ ಮುಗಿಯುತ್ತದೆ. ಹತ್ತಿರದ ಕಾಲೇಜಾದರೆ ಒಪ್ಪಿಕೊಳ್ಳಿ, ದೂರದ್ದಾದರೆ ಸದ್ಯಕ್ಕೆ ಜ್ಯೂರಿಗೆ ಮಾತ್ರ ಬರುತ್ತೇನೆ ಅನ್ನಿ. ಮೊದಲ ಸೆಮಿಸ್ಟರ್‌ಗೆ ಒಂದೇ ವಿಷಯ ಸಾಕು. ಡಿಸೈನ್ ಸ್ಟುಡಿಯೋ ಕೊಟ್ಟರೆ ಸಂತೋಷ, ಬಿಲ್ಡಿಂಗ್ ಕನ್‌ಸ್ಟ್ರಕ್ಷನ್ ಕೊಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಸೈಟಿನಲ್ಲಿ ನೋಡಿದ್ದನ್ನು ಮರುದಿನವೇ ಬೋರ್ಡಿನ ಮೇಲೆ ಬರೆಯಬಹುದು. ಟೈಮ್‌ಟೇಬಲ್ ಮಾಡುವವರ ಹತ್ತಿರ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಮಾತಾಡಿ ನಿಮ್ಮ ದಿನ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕೇಳಿದರೆ ಶನಿವಾರ ಮಧ್ಯಾಹ್ನವೇ ಸಿಗುವುದು.