ಹೆಲ್ಮೆಟ್ ಒಳಗೆ ಹಾಕೋಕೆ ಎಎನ್‌ಸಿ ಬೇಡ, ಫೋಮ್ ಟಿಪ್ ನೋಡಿ ತಗೊಳ್ಳಿ

ತಿಂಗಳಿಗೆರಡು ಸಲ ಬೆಂಗಳೂರು–ಮಂಗಳೂರು, ಕ್ಲಾಸಿಕ್ 350 ಬೈಕ್, ಫುಲ್ ಫೇಸ್ ಹೆಲ್ಮೆಟ್; 80 ದಾಟಿದ ಮೇಲೆ ಪಾಡ್‌ಕಾಸ್ಟ್ ಒಂದಕ್ಷರ ಕೇಳಿಸಲ್ಲ, 5,000 ರೂಪಾಯಿ ಒಳಗೆ ಯಾವ ಎಎನ್‌ಸಿ (ಸುತ್ತಲಿನ ಗದ್ದಲವನ್ನು ತಾನೇ ಅಳಿಸುವ ಏರ್ಪಾಡಿನ) ಇಯರ್‌ಬಡ್ ತಗೊಳ್ಳಲಿ, ನೆಕ್‌ಬ್ಯಾಂಡ್ ಆದರೂ ನಡೆಯುತ್ತಾ, ಪೊಲೀಸರು ಹಿಡೀತಾರಾ ಅಂತ ಕೇಳಿದ್ದೀರಿ. ಅದೇ ರಸ್ತೆ, ಅದೇ ಬಜೆಟ್ಟು, ಅದೇ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು. ಎಎನ್‌ಸಿಯನ್ನೇ ತಗೊಂಡೆ. ನೀರಲ್ಲಿ ಹೋಮ. ಆದ್ದರಿಂದ ಮಾಡೆಲ್ ಹೆಸರಿಗೆ ಬರುವ ಮೊದಲು, ಹೆಲ್ಮೆಟ್ ಒಳಗೆ ಎಎನ್‌ಸಿ ಯಾಕೆ ಕೈಕೊಡುತ್ತದೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬಡ್‌ನ ಹೊರಮೈಯಲ್ಲಿರುವ ಮೈಕ್ ಸುತ್ತಲಿನ ಶಬ್ದ ಹಿಡಿಯುತ್ತದೆ, ಒಳಗಿನ ಸ್ಪೀಕರ್ ಅದರ ತದ್ವಿರುದ್ಧ ಅಲೆಯನ್ನು ನುಡಿಸುತ್ತದೆ, ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಸುಮಾರು 1,000 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಶಬ್ದಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಹೆಲ್ಮೆಟ್ ಒಳಗಿನ ಗಾಳಿಯ ಗದ್ದಲವೂ ಬಹುಪಾಲು ಅಂಥದ್ದೇ. ಹಾಗಾಗಿ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ವಿಮಾನದ ಎಂಜಿನ್ ಗಂಟೆಗಟ್ಟಲೆ ಒಂದೇ ಶ್ರುತಿಯಲ್ಲಿ ಮೊರೆಯುತ್ತದೆ, ಗಾಳಿ ಹಾಗಲ್ಲ. ಹೆಲ್ಮೆಟ್‌ನ ಕೆಳಗಿನ ಅಂಚಿಗೆ, ವೈಸರ್ ಸಂದಿಗೆ ಬಡಿದು ಸುಳಿಸುಳಿಯಾಗಿ ಒಡೆಯುತ್ತದೆ, ಮುಂದಿನ ಕ್ಷಣ ಹೇಗಿರುತ್ತದೆ ಅಂತ ಯಾವ ಚಿಪ್ಪೂ ಊಹಿಸಲಾರದು. ಮೇಲಾಗಿ ಜೋರು. 100 ಡೆಸಿಬೆಲ್ ಹತ್ತಿರದ ಗದ್ದಲ ಅಳಿಸಲು ಹೆಚ್ಚುಕಡಿಮೆ ಅಷ್ಟೇ ಜೋರಿನ ಎದುರು ಶಬ್ದ ಬೇಕು. ಆ ಪುಟ್ಟ ಸ್ಪೀಕರ್ ಅದನ್ನೂ ನುಡಿಸಿ, ನಿಮ್ಮ ಪಾಡ್‌ಕಾಸ್ಟನ್ನೂ ನುಡಿಸಲು ಹೋದಾಗ ಧ್ವನಿ ಒಡೆಯುತ್ತದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇನ್ನು ಮೂರು ತಾಪತ್ರಯ ಇವೆ. ಆ ಹೊರ ಮೈಕ್ ಹೆಲ್ಮೆಟ್‌ನ ಒಳಬಟ್ಟೆಗೆ ಒತ್ತಿಕೊಂಡಿರುತ್ತದೆ; ತಲೆ ಅಲ್ಲಾಡಿದಾಗಲೆಲ್ಲ ಬಟ್ಟೆ ಉಜ್ಜುವ ಗರಗರ ನೇರ ಮೈಕ್‌ಗೆ. ಎರಡನೆಯದು, ಎಷ್ಟೋ ಮಾಡೆಲ್‌ಗಳಲ್ಲಿ ಗಾಳಿ ಜೋರಾಗಿದೆ ಅಂತ ಗೊತ್ತಾದ ಕೂಡಲೇ ಹೊರ ಮೈಕನ್ನು ತಾನಾಗಿಯೇ ಬಂದ್ ಮಾಡುವ ಏರ್ಪಾಡು ಇರುತ್ತದೆ, ಅಂದರೆ ಬೇಕಾದ ಹೊತ್ತಿಗೇ ಎಎನ್‌ಸಿ ರಜೆ. ಮೂರನೆಯದು ಟಚ್. ಹೆಲ್ಮೆಟ್‌ನ ಪ್ಯಾಡ್ ಬಡ್ ಮೇಲೆ ಒತ್ತಿದರೆ ಅದು ಬೆರಳು ಅಂತಲೇ ಬಡ್ ತಿಳಿಯುತ್ತದೆ. ಉದ್ದ ಒತ್ತಿದ ಲೆಕ್ಕಕ್ಕೆ ಸೇರಿ ಹೊರಗಿನ ಶಬ್ದ ಬೇಕಂತಲೇ ಒಳಗೆ ಬಿಡುವ ಟ್ರಾನ್ಸ್‌ಪರೆನ್ಸಿ ಮೋಡ್‌ಗೆ ಹಾರಿತೋ, ಹೊರಗಿನ ಗಾಳಿಯನ್ನು ಮೈಕ್ ಹಿಡಿದು, ಸ್ಪೀಕರ್ ಮೂಲಕ ಕಿವಿಯೊಳಕ್ಕೇ ಸುರಿಯುತ್ತದೆ. ಕುಣಿಗಲ್ ಬೈಪಾಸ್‌ನಲ್ಲಿ 90ರಲ್ಲಿ ಹೋಗುವಾಗ ಇದಾದರೆ ಗ್ಲೌಸ್ ಹಾಕಿದ ಕೈಯಲ್ಲಿ ಏನೂ ಮಾಡಲಾಗುವುದಿಲ್ಲ, ಗಾಡಿ ಪಕ್ಕಕ್ಕೆ ಹಾಕಿ ಹೆಲ್ಮೆಟ್ ತೆಗೆಯಲೇಬೇಕು. ಈಗಾಗಲೇ ಎಎನ್‌ಸಿ ಬಡ್ ಇದ್ದವರು ಆ್ಯಪ್‌ಗೆ ಹೋಗಿ ಟಚ್ ಪೂರ್ತಿ ಆಫ್ ಮಾಡಿ, ಎಎನ್‌ಸಿಯನ್ನೂ ಆಫ್ ಮಾಡಿ, ಕಿವಿಯೊಳಗೆ ಕೂರುವ ತುದಿಗೆ ಸ್ಪಂಜಿನಂಥ ಫೋಮ್ ಟಿಪ್ ಹಾಕಿ ನೋಡಿ. ಬಹಳ ಸಲ ಆನ್ ಇದ್ದಾಗಿನದಕ್ಕಿಂತ ಆಫ್ ಇದ್ದಾಗಲೇ ಚೆನ್ನಾಗಿ ಕೇಳಿಸುತ್ತದೆ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ನಿಮಗೆ ಪಾಡ್‌ಕಾಸ್ಟ್ ಕೇಳಿಸದಿರುವುದು ಎರಡನೆಯ ಸಮಸ್ಯೆ. ಮೊದಲನೆಯದು ಕಿವಿ. 60 ಕಿ.ಮೀ. ವೇಗದಲ್ಲೇ ಹೆಲ್ಮೆಟ್ ಒಳಗೆ ಕಿವಿಗೆ ಬೀಳುವ ಗಾಳಿಯ ಶಬ್ದ 90 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ, 100ರ ಮೇಲೆ ಹೋದಾಗ 100 ಡೆಸಿಬೆಲ್ ಸಮೀಪಿಸುತ್ತದೆ. ಹೆಲ್ಮೆಟ್ ಮೇಲೆ, ಗಾಡಿ ಮೇಲೆ ಸ್ವಲ್ಪ ಆಚೀಚೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಯಾಶ್ ಸಂಸ್ಥೆಯ ಮಿತಿ ಹೀಗಿದೆ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ನೆಲಮಂಗಲ ಬಿಟ್ಟು ಹಾಸನ ಮುಟ್ಟುವಷ್ಟರಲ್ಲಿ ಎರಡು ಗಂಟೆಯಾದರೂ ಆಗುತ್ತದೆ. ಅದರ ಮೇಲೆ ಪಾಡ್‌ಕಾಸ್ಟ್ ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಗಾಳಿಯ ಮೇಲೆ ಇನ್ನೊಂದು ಹೊರೆ. ಊರು ಸೇರಿದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಅದು ಪ್ರಯಾಣದ ಆಯಾಸ ಅಲ್ಲ, ಕಿವಿಗೆ ಪೆಟ್ಟಾಗಿದೆ ಅಂತ. ಪದೇ ಪದೇ ಆದರೆ ಅದು ಹೋಗದೇ ಉಳಿಯುತ್ತದೆ.

ಅದಕ್ಕೇ ನಾನು ಹೇಳುವುದು: ಇಯರ್‌ಬಡ್ ಅನ್ನುವುದನ್ನು ಮೊದಲು ಬಿರಡೆ ಅಂತ ನೋಡಿ, ಆಮೇಲೆ ಸ್ಪೀಕರ್ ಅಂತ ನೋಡಿ. ಎಷ್ಟು ಗಟ್ಟಿಯಾಗಿ ಕಿವಿ ಮುಚ್ಚುತ್ತದೆ ಅನ್ನುವುದೊಂದೇ ಮುಖ್ಯ. ಬಾಸ್, ಗೇಮಿಂಗ್ ಮೋಡ್, ಬಾಕ್ಸ್ ಮೇಲಿನ ಎಷ್ಟೋ ಡಿಬಿ ಎಎನ್‌ಸಿ, ಯಾವುದಕ್ಕೂ ಸೊಪ್ಪು ಹಾಕಬೇಡಿ.

ತಗೊಳ್ಳಬೇಕಾದ್ದು ಕಿವಿಯ ಬಟ್ಟಲಲ್ಲಿ ಚಪ್ಪಟೆಯಾಗಿ ಕೂರುವ, ವೈರ್ ಕಿವಿಯ ಮೇಲಿಂದ ಹಿಂದಕ್ಕೆ ಹೋಗುವ ಐಇಎಂ (ಇನ್-ಇಯರ್ ಮಾನಿಟರ್) ಜಾತಿಯ ವೈರ್ ಇಯರ್‌ಫೋನು. ಹಾಕಿಕೊಂಡು ಅಂಗೈಯನ್ನು ಕಿವಿಗೆ ಒತ್ತಿ ನೋಡಿ: ಅಂಗೈಗೆ ಮೊದಲು ತಾಗಬೇಕಾದ್ದು ಕಿವಿಯೇ ಹೊರತು ಬಡ್ ಅಲ್ಲ. ಇನ್ನೊಂದು ಪರೀಕ್ಷೆ, ಅದನ್ನು ಹಾಕಿಕೊಂಡೇ ದಿಂಬಿನ ಮೇಲೆ ಮಗ್ಗುಲಾಗಿ ಹತ್ತು ನಿಮಿಷ ಮಲಗಿ. ಅಲ್ಲಿ ನೋಯುವುದು ಹೆಲ್ಮೆಟ್ ಒಳಗೆ ಖಂಡಿತ ನೋಯುತ್ತದೆ. ಕಡ್ಡಿ ಇಳಿಬಿಟ್ಟ ಡಿಸೈನ್‌ನವು ಇಲ್ಲೇ ಔಟ್. ಹೆಲ್ಮೆಟ್ ಇಳಿಸುವಾಗ ಆ ಕಡ್ಡಿಗೆ ಚೀಕ್ ಪ್ಯಾಡ್ ಸಿಕ್ಕಿ ಬಡ್ ಕಿತ್ತು ಬರುತ್ತದೆ. ಶಬ್ದ ತಡೆಯುವುದರಲ್ಲಿ ಎಟಿಮೋಟಿಕ್ ಇಆರ್2 ಥರದವನ್ನು ಮೀರಿಸುವುದು ಕಷ್ಟ, ಆದರೆ ಅದರ ಉದ್ದ ಕೊಳವೆ ಕಿವಿಯಿಂದ ಆಚೆ ಚಾಚಿರುತ್ತದೆ, ಹೆಲ್ಮೆಟ್‌ಗೆ ಒಗ್ಗುವುದಿಲ್ಲ. ಶೂರ್ ಎಸ್‌ಇ215 ಆಕಾರದಲ್ಲಿ ಇದಕ್ಕೇ ಮಾಡಿಸಿದ ಹಾಗಿದೆ, ಫೋಮ್ ಟಿಪ್ ಜೊತೆಗೇ ಬರುತ್ತದೆ, ಆದರೆ ನಿಮ್ಮ ಬಜೆಟ್ ದಾಟುತ್ತದೆ. ಮೂಂಡ್ರಾಪ್, ಕೆಜೆಡ್ ಕಂಪನಿಗಳ ಅಗ್ಗದ ಐಇಎಂ ತಗೊಂಡು ಒಳ್ಳೆಯ ಫೋಮ್ ಟಿಪ್ ಬೇರೆ ಹಾಕಿದರೆ ಬಜೆಟ್‌ನಲ್ಲಿ ದುಡ್ಡು ಉಳಿಯುತ್ತದೆ. ನೋಡಬೇಕಾದ್ದು ಶೆಲ್ ಮೇಲೆ ಗಾಳಿ ಆಡಲು ಬಿಟ್ಟ ತೂತು. ಅದು ಸೂಜಿಮೊನೆಯಷ್ಟಿದ್ದರೆ ಸರಿ, ಜಾಲರಿ ಜಾಲರಿಯಾಗಿ ತೆರೆದಿದ್ದರೆ ಗದ್ದಲ ಅಲ್ಲಿಂದಲೇ ಒಳಗೆ ಬರುತ್ತದೆ.

ಕಿವಿಯ ಮೇಲೆ ಬಾಗುವ ಜಾಗದಲ್ಲಿ ಕೆಲವು ಕೇಬಲ್‌ಗಳ ಒಳಗೆ ಲೋಹದ ತಂತಿ ಇರುತ್ತದೆ, ಬಗ್ಗಿಸಿದ ಹಾಗೆ ನಿಲ್ಲಲಿ ಅಂತ. ಮನೆಯಲ್ಲಿ ಕೂತು ಕೇಳಲು ಚೆನ್ನ. ಹೆಲ್ಮೆಟ್ ಒಳಗೆ ಅದು ಕಿವಿಯ ಹಿಂದಿನ ಮೂಳೆಗೆ ಒತ್ತಿ ಅರ್ಧ ಗಂಟೆಯಲ್ಲಿ ಪ್ರಾಣ ಹಿಂಡುತ್ತದೆ. ತಂತಿಯಿಲ್ಲದ ಮೆತ್ತಗಿನ ಕೇಬಲ್ ಕೇಳಿ ತಗೊಳ್ಳಿ. ಕೇಬಲ್ ಬೆನ್ನ ಹಿಂದಿನಿಂದ ಜ್ಯಾಕೆಟ್ ಒಳಗೆ ಇಳಿಯಲಿ, ಫೋನ್ ಒಳಜೇಬಲ್ಲಿರಲಿ, ಕತ್ತು ಎರಡೂ ಕಡೆ ಪೂರ್ತಿ ತಿರುಗಿಸಿದರೂ ಎಳೆಯದಷ್ಟು ಸಡಿಲ ಬಿಡಿ.

ಫೋಮ್ ಟಿಪ್‌ಗಳಲ್ಲಿ, ಬಡ್‌ನ ಕೊಳವೆಗೆ ಸಿಕ್ಕಿಸುವ ನಾಳದ ಅಳತೆ ಬೇರೆ ಬೇರೆ. ಕಂಪ್ಲೈ ಕಂಪನಿಯವಕ್ಕೆ 100, 200, 400, 500 ಅಂತ ಸಂಖ್ಯೆ. ಶೂರ್‌ನಂಥ ಸಣ್ಣ ಕೊಳವೆಗೆ 100, ದಪ್ಪ ಕೊಳವೆಗೆ ದೊಡ್ಡ ಸಂಖ್ಯೆ. ತಪ್ಪು ಅಳತೆ ತಗೊಂಡರೆ ಬಡ್ ಹೊರಬರುತ್ತದೆ, ಟಿಪ್ ಕಿವಿಯೊಳಗೇ ಉಳಿಯುತ್ತದೆ. ಬೆವರಿಗೆ, ಕಿವಿಯ ಎಣ್ಣೆಗೆ ಫೋಮ್ ಎರಡು ಮೂರು ತಿಂಗಳಲ್ಲಿ ಗಟ್ಟಿಯಾಗುತ್ತದೆ. ಹಿಸುಕಿದ ಮೇಲೆ ನಿಧಾನವಾಗಿ ಉಬ್ಬದೆ ತಕ್ಷಣ ಎದ್ದು ನಿಂತರೆ ಅದರ ಆಯಸ್ಸು ಮುಗಿಯಿತು, ಬಿಸಾಕಿ.

ಹಾಕುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಕೈ ತೊಳೆದು ಒರೆಸಿ, ಫೋಮನ್ನು ಬೆರಳಿನ ನಡುವೆ ಹಿಸುಕಿ ಸುಕ್ಕಿಲ್ಲದಂತೆ ಸಣ್ಣ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ತುದಿ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಒಳಗಿನ ಡೊಂಕು ದಾರಿ ನೇರವಾಗುತ್ತದೆ. ಬಡ್ ತಳ್ಳಿ, 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ. ಈ 30 ಸೆಕೆಂಡ್ ಬಿಟ್ಟವರೇ ಜಾಸ್ತಿ, ಫೋಮ್ ಉಬ್ಬುತ್ತಾ ಬಡ್‌ನ್ನು ಹೊರಕ್ಕೆ ತಳ್ಳಿರುತ್ತದೆ. ಸರಿಯಾಗಿ ಕೂತಿದೆಯಾ ಅಂತ ನೋಡಲು ಬಾಯಿ ಮುಚ್ಚಿ ಹ್ಞೂಂ ಅನ್ನಿ: ಸ್ವಂತ ದನಿ ತಲೆಯೊಳಗೆ ಬಾವಿಯಲ್ಲಿ ಕೂಗಿದ ಹಾಗೆ ಎರಡೂ ಕಡೆ ಒಂದೇ ಸಮ ಕೇಳಿಸಬೇಕು. ಒಂದು ಕಡೆ ತೆಳುವಾಗಿ ಕೇಳಿಸಿದರೆ ಆ ಕಡೆಯದು ಮತ್ತೆ ಹಾಕಿ.

ಆಮೇಲೆ ತಲೆ, ಕಿವಿ ಮುಚ್ಚುವ ತೆಳು ಬಟ್ಟೆಯ ಗವಸು, ಬಾಲಕ್ಲಾವಾ. ಅದು ಕಿವಿ, ವೈರ್ ಎರಡನ್ನೂ ತಲೆಗೆ ಅಂಟಿಸಿ ಹಿಡಿಯುತ್ತದೆ. ನಂತರ ಹೆಲ್ಮೆಟ್, ಅದರ ಎರಡೂ ಪಟ್ಟಿಗಳನ್ನು ಚೆನ್ನಾಗಿ ಆಚೆಗೆ ಎಳೆದು ಹಿಡಿದು ಇಳಿಸಬೇಕು. ಕನ್ನಡಕ ಕೊನೆಗೆ. ಹೆಲ್ಮೆಟ್‌ನಲ್ಲಿ ಬ್ಲೂಟೂತ್ ಸ್ಪೀಕರ್ ಕೂರಿಸಲು ಗುಂಡನೆಯ ಜಾಗ ಬಿಟ್ಟಿದ್ದರೆ ಆ ಜಾಗದ ಪ್ಯಾಡ್ ಮಾತ್ರ ತೆಗೆದು ಖಾಲಿ ಬಿಡಿ, ಬಡ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಜಾಗ ಇಲ್ಲ ಅಂತ ಬ್ಲೇಡ್ ತಗೊಂಡು ಒಳಗಿನ ಥರ್ಮೋಕೋಲ್ ಕೆರೆಯುವವರಿದ್ದಾರೆ. ದಯವಿಟ್ಟು ಬೇಡ. ಬಿದ್ದಾಗ ಪೆಟ್ಟು ನುಂಗುವುದು ಅದೇ. ಕೆರೆದ ಮೇಲೆ ಹೆಲ್ಮೆಟ್‌ನ ಐಎಸ್ 4151 ಸುರಕ್ಷತಾ ಗುರುತು ಬರೀ ಸ್ಟಿಕ್ಕರ್.

ವಾಲ್ಯೂಮ್ ವಿಷಯಕ್ಕೆ ನನ್ನದು ಒಂದೇ ಕಟ್ಟುಪಾಡು. ಗಾಡಿ ನಿಂತಿರುವಾಗ, ಎಂಜಿನ್ ಆಫ್ ಇರುವಾಗ, ಹೆಲ್ಮೆಟ್ ಹಾಕಿಕೊಂಡು ಮಾತು ಸ್ಪಷ್ಟ ಕೇಳುವಷ್ಟಕ್ಕಿಂತ ಒಂದೆರಡು ಮೆಟ್ಟಿಲು ಮೇಲಿಟ್ಟು ಹೊರಡಿ. 80ರಲ್ಲಿ ಕೇಳಿಸದಿದ್ದರೆ ಏರಿಸಬೇಡಿ, ನಿಲ್ಲಿಸಿ. ಅದು ವಾಲ್ಯೂಮ್ ಕಡಿಮೆಯಾದದ್ದಲ್ಲ, ಎಲ್ಲೋ ಸೀಲ್ ಬಿಟ್ಟಿದೆ.

ಇಷ್ಟೆಲ್ಲ ತಲೆಬಿಸಿ ಬೇಡ ಅನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ, ನಿಜ ಹೇಳಬೇಕೆಂದರೆ ನನ್ನ ಮೊದಲ ಆಯ್ಕೆ ಅದೇ: ಕಿವಿಗೆ ಬರೀ ಫೋಮ್ ಪ್ಲಗ್, ಹೆಲ್ಮೆಟ್‌ಗೆ ಬ್ಲೂಟೂತ್ ಸ್ಪೀಕರ್. 3ಎಂ 1100 ಅನ್ನುವ ಕಿತ್ತಳೆ ಬಣ್ಣದ ಪ್ಲಗ್ ಒಂದು ಜೊತೆಗೆ ಒಂದು ಕಾಫಿಯ ದುಡ್ಡಾದರೆ ಹೆಚ್ಚು. ಅದರ ಎನ್‌ಆರ್‌ಆರ್, ಅಂದರೆ ಶಬ್ದ ತಗ್ಗಿಸುವ ಅಂಕ, 29 ಡೆಸಿಬೆಲ್. ಪ್ರಯೋಗಾಲಯದ ಅಂಕಿ, ನಿಜವಾದ ಕಿವಿಯಲ್ಲಿ ಅದರರ್ಧ ಸಿಕ್ಕರೂ 97 ಇದ್ದದ್ದು 83ರ ಹತ್ತಿರಕ್ಕೆ ಇಳಿಯುತ್ತದೆ. ಪ್ಲಗ್ ಹಾಕಿದರೆ ಸ್ಪೀಕರ್ ಹೇಗೆ ಕೇಳಿಸುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಗಾಳಿ, ಮಾತು, ಹಿಂದಿನ ಬಸ್ಸಿನ ಹಾರನ್ ಎಲ್ಲವೂ ಒಟ್ಟಿಗೆ ತಗ್ಗುತ್ತವೆ. ಗಾಳಿಗಿಂತ ಜೋರಾಗಿದ್ದದ್ದು ತಗ್ಗಿದ ಮೇಲೂ ಗಾಳಿಗಿಂತ ಜೋರಾಗಿಯೇ ಇರುತ್ತದೆ, ಕಿವಿಗೆ ಸುಸ್ತಿಲ್ಲದ ಕಾರಣ ಇನ್ನೂ ಬಿಡಿಸಿ ಕೇಳಿಸುತ್ತದೆ. ಹತ್ತಿ ತುರುಕಿಕೊಳ್ಳುವುದು ಮಾತ್ರ ಇದಕ್ಕೆ ಬದಲಲ್ಲ, ಹತ್ತಿಗೆ ಶಬ್ದ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ.

ಗಾಡಿಗೆ ವಿಂಡ್‌ಶೀಲ್ಡ್ ಹಾಕಿಸಿದ್ದೀರಾ ಅಂತ ನೀವು ಬರೆದಿಲ್ಲ. ಹಾಕಿಸಿದ್ದರೆ ಅದರ ಮೇಲಂಚು ಬಿಡುವ ಸುಳಿಗಾಳಿ ಸರಿಯಾಗಿ ಹೆಲ್ಮೆಟ್ ಎತ್ತರಕ್ಕೇ ಬಡಿಯುತ್ತಿರಬಹುದು, ಅದು ಬೋಳು ಗಾಡಿಗಿಂತ ಕೆಟ್ಟದ್ದು. ಖಾಲಿ ನೇರ ರಸ್ತೆಯಲ್ಲಿ ಸೀಟಿನಿಂದ ಕೊಂಚ ಎದ್ದಾಗ ಗದ್ದಲ ತಟ್ಟನೆ ಇಳಿದರೆ ಕಳ್ಳ ಸಿಕ್ಕ. ಶೀಲ್ಡ್‌ನ ಎತ್ತರ ಅಥವಾ ಓರೆ ಬದಲಿಸಿ. ಹೆಲ್ಮೆಟ್‌ನ ಗಲ್ಲದ ಕೆಳಗೆ ಸಿಕ್ಕಿಸುವ ಬಟ್ಟೆಯ ಪರದೆಯೂ ಕೆಳಗಿನಿಂದ ನುಗ್ಗುವ ಗಾಳಿಯನ್ನು ಸಾಕಷ್ಟು ತಡೆಯುತ್ತದೆ.

ನಿಮ್ಮ ದಾರಿಯಲ್ಲಿ ಒಂದು ವಿಶೇಷ ಶಿರಾಡಿ. ಸುಮಾರು 900 ಮೀಟರ್ ಎತ್ತರದ ಸಕಲೇಶಪುರದಿಂದ ಸರಸರ ಇಳಿಯುವಾಗ, ಮುಚ್ಚಿದ ಕಿವಿಯೊಳಗೆ ಒತ್ತಡ ಹಿಡಿದುಕೊಳ್ಳುತ್ತದೆ. ಫೋಮ್ ನಿಧಾನಕ್ಕೆ ಗಾಳಿ ಬಿಡುತ್ತದೆ, ಸಿಲಿಕೋನ್ ಟಿಪ್ ಬಿಡುವುದಿಲ್ಲ, ಕಿವಿ ತಮಟೆಗೆ ಎಳೆತ. ಘಾಟಿಯಲ್ಲಿ 40ರ ಮೇಲೆ ಹೇಗೂ ಹೋಗುವುದಿಲ್ಲ, ಗಾಳಿಯ ಗದ್ದಲವಿಲ್ಲ, ತಿರುವಿನಾಚೆ ಟ್ಯಾಂಕರ್ ಏದುಸಿರು ಬಿಡುವುದು ಕೇಳಿಸಬೇಕು. ಸಕಲೇಶಪುರದಲ್ಲಿ ಟೀಗೆ ನಿಂತಾಗ ತೆಗೆದು ಡಬ್ಬಿಗೆ ಹಾಕಿ, ಗುಂಡ್ಯ ದಾಟಿದ ಮೇಲೆ ಬೇಕಿದ್ದರೆ ಮತ್ತೆ ಹಾಕಿ. ಕೆಳಗೆ ಸೆಕೆ, ಕಿವಿಯಲ್ಲಿ ಬೆವರು ನಿಂತು ಫಂಗಸ್ ಹಿಡಿಯುವ ಊರದು; ಕಿವಿ ಒರೆಸಿ ಒಣಗಿದ ಮೇಲೆಯೇ ಹಾಕಿ.

ನೆಕ್‌ಬ್ಯಾಂಡ್ ಬೇಡ. ಕತ್ತು ತಿರುಗಿಸಿದಾಗಲೆಲ್ಲ ಜ್ಯಾಕೆಟ್ ಕಾಲರ್ ಆ ಪಟ್ಟಿಯನ್ನು ತಳ್ಳುತ್ತದೆ, ಪಟ್ಟಿ ವೈರ್ ಎಳೆಯುತ್ತದೆ, ವೈರ್ ಬಡ್‌ನ ಸೀಲ್ ಬಿಡಿಸುತ್ತದೆ. ಪೊಲೀಸರ ಮಾತು: 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ, ಕಿವಿಯಿಂದ ವೈರ್ ಇಳಿಬಿದ್ದದ್ದು ಕಂಡರೆ ಸಿಗ್ನಲ್‌ನಲ್ಲಿ ನಿಲ್ಲಿಸುತ್ತಾರೆ ಅಂತಲೇ ಇಟ್ಟುಕೊಳ್ಳಿ, ವಾದ ಮಾಡಿ ಗೆಲ್ಲುವ ಜಾಗ ಅದಲ್ಲ. ಊರೊಳಗೆ ಹಾಕಲೇಬೇಡಿ, ಅಲ್ಲಿ 40ರ ವೇಗಕ್ಕೆ ಅದರ ಅಗತ್ಯವೂ ಇಲ್ಲ. ನೆಲಮಂಗಲ ದಾಟಿದ ಮೇಲೆ ತಿಂಡಿಗೆ ನಿಲ್ಲುತ್ತೀರಲ್ಲ, ಕೈ ತೊಳೆದ ಮೇಲೆ ಅಲ್ಲೇ ಹಾಕಿಕೊಳ್ಳಿ. ಕರೆ ಬಂದರೆ ತಾನಾಗಿ ಎತ್ತುವ ಸೆಟ್ಟಿಂಗ್ ಇದ್ದರೆ ಆಗಲೇ ಆಫ್ ಮಾಡಿ.