ಹಬ್ಬಕ್ಕೆ ಹೋಗುವ ಹುಂಜ, ತಳಿಗೆ ಉಳಿಯುವ ಹುಂಜ

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ 9 ನಾಟಿ ಹೇಟೆಗಳೂ 1 ಹುಂಜವೂ ಇವೆ. ನಾಲ್ಕು ವರ್ಷಗಳಿಂದ ಹೊರಗಿನಿಂದ ಕೋಳಿ ತಂದಿಲ್ಲ, ಇಲ್ಲಿಯೇ ಹುಟ್ಟಿದ ಮರಿಗಳನ್ನು ಬೆಳೆಸುತ್ತಿದ್ದೇವೆ. ಮೊದಲೆಲ್ಲ 12 ಮೊಟ್ಟೆ ಕಾವಿಗಿಟ್ಟರೆ 10 ಮರಿ ಆಗುತ್ತಿದ್ದವು, ಈಗ ಐದಾರು ಮಾತ್ರ, ಮರಿಗಳೂ ಸೊರಗಿವೆ. ಗಿರಿರಾಜ ತಳಿಯ ಹುಂಜ ತಂದು ಬಿಟ್ಟರೆ ಸರಿಹೋಗುತ್ತದೆಯೇ?
– ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ನಾಲ್ಕು ವರ್ಷ ಹೊರಗಿನ ಕೋಳಿ ಸೇರದ ಸಣ್ಣ ಹಿಂಡಿನಲ್ಲಿ ತಂದೆ–ಮಗಳು, ಅಣ್ಣ–ತಂಗಿಯರ ನಡುವೆಯೇ ಕೂಡಿಕೆ ನಡೆದಿರುತ್ತದೆ. ಇಂತಹ ರಕ್ತಸಂಬಂಧದಿಂದ ಮೊದಲು ಕುಸಿಯುವುದು ಮೊಟ್ಟೆಯೊಡೆದು ಬರುವ ಮರಿಗಳ ಸಂಖ್ಯೆ ಮತ್ತು ಅವುಗಳ ಕಸುವು. ಆದರೂ ಒಮ್ಮೆ ಖಚಿತಪಡಿಸಿಕೊಳ್ಳಿ. ಕಾವಿಗಿಟ್ಟ 7ನೇ ದಿನ ಕತ್ತಲಾದ ಮೇಲೆ ಪ್ರತಿ ಮೊಟ್ಟೆಯನ್ನೂ ಟಾರ್ಚ್ ಬೆಳಕಿಗೆ ಹಿಡಿದು ನೋಡಿದರೆ, ಮರಿ ಬೆಳೆಯುತ್ತಿರುವ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ಹರಡಿದ ರಕ್ತನಾಳಗಳು ಕಾಣುತ್ತವೆ. ಹೆಚ್ಚಿನ ಮೊಟ್ಟೆಗಳು ತಿಳಿಯಾಗಿಯೇ ಇದ್ದರೆ ಹುಂಜದ ಶಕ್ತಿ ಕುಂದಿದೆ ಅಥವಾ ಇಟ್ಟ ಮೊಟ್ಟೆಗಳು ಹಳೆಯವು ಎಂದು ಅನುಮಾನಿಸಬೇಕು. ರಕ್ತನಾಳ ಕಂಡಮೇಲೂ ಮರಿ ಚಿಪ್ಪಿನೊಳಗೇ ಸತ್ತರೆ, ರಕ್ತಸಂಬಂಧದ ದೋಷ, ತಾಯಿಕೋಳಿಯ ಆಹಾರದ ಕೊರತೆ ಅಥವಾ ಹೇಟೆ ಕಾವು ಬಿಟ್ಟು ಎದ್ದುಹೋಗಿ ಮೊಟ್ಟೆ ತಣಿದದ್ದು ಕಾರಣವಾಗಿರಬಹುದು.

ನೀವು ಬರೆಯದ ಇನ್ನೊಂದು ಸಂಗತಿಯನ್ನು ಇಲ್ಲಿ ಕೇಳಲೇಬೇಕು. ಯುಗಾದಿಯ ಹೊಸತೊಡಕಿಗೋ ಊರ ಮಾರಿಹಬ್ಬಕ್ಕೋ ಯಾವ ಹುಂಜವನ್ನು ಹಿಡಿಯುತ್ತೀರಿ? ಬಹುತೇಕ ಮನೆಗಳಲ್ಲಿ ಬೇಗ ಬೆಳೆದು ಮೈತುಂಬಿಕೊಂಡದ್ದೇ ಅಡುಗೆಗೆ ಹೋಗುತ್ತದೆ ಅಥವಾ ಒಳ್ಳೆಯ ಬೆಲೆಗೆ ಮಾರಾಟವಾಗುತ್ತದೆ. ಯಾರಿಗೂ ಬೇಡವಾಗಿ ಉಳಿದ ಹುಂಜವೇ ಮುಂದಿನ ವರ್ಷದ ಎಲ್ಲ ಮರಿಗಳಿಗೂ ತಂದೆಯಾಗುತ್ತದೆ. ಒಂದು ಹೇಟೆಯ ಗುಣ ಅದರ ಮರಿಗಳಿಗಷ್ಟೇ ಹೋದರೆ, ಒಂದೇ ಹುಂಜವಿರುವ ಹಿಂಡಿನಲ್ಲಿ ಹುಂಜದ ಗುಣ ಪ್ರತಿಯೊಂದು ಮರಿಗೂ ಹೋಗುತ್ತದೆ. ನಾನು ನೋಡಿದ ಹಿತ್ತಲುಗಳಲ್ಲಿ ನಾಟಿ ಕೋಳಿಯ ಗಾತ್ರ ಕುಗ್ಗಿರುವುದಕ್ಕೆ ಮೇವಿಗಿಂತಲೂ ಈ ಪದ್ಧತಿಯೇ ಹೆಚ್ಚು ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ತಳಿಗೆ ಬೇಕಾದ ಹುಂಜವನ್ನು ಹಬ್ಬಕ್ಕೆ ಮೊದಲೇ ಆರಿಸಿ, ಕಾಲಿಗೆ ಬಣ್ಣದ ದಾರ ಕಟ್ಟಿ, ಮನೆಯವರಿಗೆಲ್ಲ ತಿಳಿಸಿಡಿ.

ಗಿರಿರಾಜವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಮಿಶ್ರತಳಿ. ಮಾಂಸ ಮತ್ತು ಮೊಟ್ಟೆಗೆ ಅದು ಉತ್ತಮವೇ, ಆದರೆ ಅದರ ಹೇಟೆಗಳು ಕಾವು ಕೂರುವುದಿಲ್ಲ. ನಿಮ್ಮ ಹೇಟೆಗಳಿಗೆ ಅದನ್ನು ಕೂಡಿಸಿದರೆ ಮೊದಲ ಪೀಳಿಗೆ ದಪ್ಪವಾಗಿ ಬೆಳೆದೀತು. ಆದರೆ ಆ ಪೀಳಿಗೆಯನ್ನೇ ಮುಂದುವರಿಸಿದಾಗ ಗುಣಗಳು ಚದುರಿ, ಕಾವು ಕೂತು ಮರಿಗಳನ್ನು ಕಾಪಾಡುವ ಸ್ವಭಾವವೂ ಕ್ಷೀಣಿಸುತ್ತದೆ. ಇನ್‌ಕ್ಯುಬೇಟರ್ ಇಲ್ಲದೆ ಹೇಟೆಯನ್ನೇ ನೆಚ್ಚಿರುವ ನಿಮ್ಮಂಥವರಿಗೆ ಅದು ದೊಡ್ಡ ನಷ್ಟ. ನಾಲ್ಕಾರು ಊರಿನಾಚೆಯ, ನಿಮ್ಮ ಕೋಳಿಗಳೊಂದಿಗೆ ಸಂಬಂಧವಿಲ್ಲದ ನಾಟಿ ಹುಂಜವನ್ನೇ ತನ್ನಿ ಎನ್ನುವುದು ನನ್ನ ಸಲಹೆ.

ಹುಂಜವನ್ನು ಕೊಳ್ಳುವಾಗ ಸಾಧ್ಯವಾದರೆ ಅದರ ತಾಯಿಯನ್ನು ನೋಡಿ, ಅದು ಎಷ್ಟು ಮೊಟ್ಟೆಯಿಟ್ಟು ಎಷ್ಟು ಮರಿ ಉಳಿಸಿತು ಎಂದು ವಿಚಾರಿಸಿ. ವಯಸ್ಸು ಎಂಟು ತಿಂಗಳು ದಾಟಿರಲಿ. ಎದೆಮೂಳೆ ಸೊಟ್ಟಗಿರಬಾರದು, ಕಾಲುಗಳು ನೇರವಾಗಿ ಅಗಲಿಸಿ ನಿಂತಿರಬೇಕು, ಕಣ್ಣು ಚುರುಕಾಗಿರಬೇಕು. ಕಾಳು ಕಂಡಾಗ ತಾನೊಂದೇ ನುಂಗದೆ ಹೇಟೆಗಳನ್ನು ಕೂಗಿ ಕರೆಯುವ ಹುಂಜ ಸಿಕ್ಕರೆ ಬಿಡಬೇಡಿ. 8ರಿಂದ 10 ಹೇಟೆಗೆ ಒಂದು ಹುಂಜ ಸಾಕು.

ಹೇಟೆಗಳನ್ನು ಕಣ್ಣಳತೆಯಲ್ಲಿ ಆರಿಸದೆ ಕೈಗೆತ್ತಿಕೊಂಡು ಪರೀಕ್ಷಿಸಿ. ಮೊಟ್ಟೆಯಿಡುತ್ತಿರುವ ಹೇಟೆಯ ಜುಟ್ಟು ಕೆಂಪಾಗಿ ಮೆತ್ತಗಿರುತ್ತದೆ, ಗುದದ್ವಾರ ಅಗಲವಾಗಿ ತೇವವಾಗಿರುತ್ತದೆ, ಅದರ ಇಕ್ಕೆಲದ ಚೂಪು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ. ಒಂದು ಬೆರಳೂ ಹಿಡಿಸದಿದ್ದರೆ ಅದು ಸದ್ಯ ಮೊಟ್ಟೆಯಿಡುತ್ತಿಲ್ಲ. ಕಾವು ಕೂತಾಗ ಅಥವಾ ಪುಕ್ಕ ಉದುರಿಸುವಾಗಲೂ ಹೀಗಾಗುವುದರಿಂದ ಒಂದೇ ದಿನದ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಯಾವ ಹೇಟೆ ಎಷ್ಟು ಮೊಟ್ಟೆಗೆ ಕೂತು ಎಷ್ಟು ಮರಿಯನ್ನು ಎರಡು ತಿಂಗಳವರೆಗೆ ದಾಟಿಸಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಾ ಬನ್ನಿ. ಆ ಲೆಕ್ಕದಲ್ಲಿ ಮುಂದಿರುವ ಮೂರು ನಾಲ್ಕು ಹೇಟೆಗಳ ಮೊಟ್ಟೆಯನ್ನು ಮಾತ್ರ ಕಾವಿಗಿಡಿ. ಉಳಿದವುಗಳ ಮೊಟ್ಟೆ ಅಡುಗೆಗಿರಲಿ. ಚೆನ್ನಾಗಿ ಕಾವು ಕೂರುವ ಹೇಟೆಯ ಕೆಳಗೆ ಬೇರೆ ಹೇಟೆಯ ಮೊಟ್ಟೆಯನ್ನೂ ಇಡಬಹುದು. ಏಳು ದಿನಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ, ನೀರಿನಲ್ಲಿ ತೊಳೆಯದ ಮಧ್ಯಮ ಗಾತ್ರದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗುವಂತೆ ತಂಪಾದ ಜಾಗದಲ್ಲಿ ಕೂಡಿಡಿ.

ಹೊಸ ಹುಂಜವನ್ನು ಮೂರು ವಾರ ಬೇರೆಯೇ ಕಟ್ಟಿ ಸಾಕಿ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಬಗ್ಗೆ ಹತ್ತಿರದ ಪಶುಚಿಕಿತ್ಸಾಲಯದಲ್ಲಿ ಕೇಳಿ. ಹೊಸದನ್ನು ತಂದ ದಿನವೇ ಹಳೆಯ ಹುಂಜವನ್ನು ಹಿಂಡಿನಿಂದ ತೆಗೆದುಬಿಡಿ. ಹುಂಜವನ್ನು ಬೇರ್ಪಡಿಸಿದ ಮೇಲೂ ಎರಡು ವಾರಗಳಷ್ಟು ಕಾಲ ಅದರ ವೀರ್ಯ ಹೇಟೆಯ ಒಡಲಿನಲ್ಲಿ ಉಳಿದು ಮೊಟ್ಟೆಗಳನ್ನು ಫಲಗೊಳಿಸುತ್ತದೆ. ಆದ್ದರಿಂದ ಆ ಮೂರು ವಾರಗಳ ಮೊಟ್ಟೆಗಳನ್ನು ಕಾವಿಗೆ ಬಳಸದೆ, ಹೊಸ ಹುಂಜ ಹಿಂಡು ಸೇರಿ ಒಂದು ವಾರವಾದ ಮೇಲೆ ಕಾವಿನ ಮೊಟ್ಟೆ ಕೂಡಿಡಲು ತೊಡಗಿ.