ಬೀಗ ಹಾಕಿದ ಕೋಣೆ ಮತ್ತು ಮನೆಯ ಮಾರಾಟ

ಕಾರವಾರ ತಾಲೂಕಿನ ಒಂದು ಹಳ್ಳಿಯ ಹಂಚಿನ ಮನೆಯ ಪ್ರಕರಣವಿದು. ಗುರುತು ಸಿಗದಂತೆ ವಿವರ ಬದಲಿಸಲಾಗಿದೆ. ಸಲಹೆಗೆ ಬಂದವರು ಮೂವರು: ಎಪ್ಪತ್ತು ದಾಟಿದ ಆಯಿ (ತಾಯಿ), ಹುಬ್ಬಳ್ಳಿಯಲ್ಲಿರುವ ಮಗಳು, ಬೆಂಗಳೂರಿನಲ್ಲಿರುವ ಮಗ.

ಯಜಮಾನರು ತೀರಿಕೊಂಡು ಎರಡು ವರ್ಷ. ಚಿರೆಕಲ್ಲಿನ ಗೋಡೆ, ಹಿತ್ತಿಲಲ್ಲಿ ಬಾವಿ, ಕೆಂಪು ನೆಲದ ಜಗಲಿ. ಮನೆ ನೋಡಿ ಹೋದವರು ಯಾರೂ ಮರಳಿ ಫೋನ್ ಮಾಡಿಲ್ಲ. ನೆಲಕ್ಕೆ ಟೈಲ್ಸ್, ಹಂಚಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಒಳ್ಳೆ ಬೆಲೆ ಬರುತ್ತದೆಂಬುದು ಮಗನ ಹಟ. ಇದ್ದಂತೆಯೇ ಕೊಟ್ಟು ಮುಗಿಸುವ ಆತುರ ಮಗಳಿಗೆ. ಆಯಿ ಇಬ್ಬರಿಗೂ ಹೂಂ ಅನ್ನುತ್ತಾರೆ. ಗಂಡನ ಕೋಣೆಯ ಬೀಗ ಮಾತ್ರ ತೆಗೆಯಗೊಡುವುದಿಲ್ಲ.

ಕೊಳ್ಳಲು ಬಂದವರಿಗೆ ಆ ಬೀಗದ ಹಿಂದಿನ ದುಃಖ ಕಾಣುವುದಿಲ್ಲ. ಒಳಗೆ ಸೋರುತ್ತಿದೆ, ಗೆದ್ದಲು ಹತ್ತಿದೆ, ಇಲ್ಲವೇ ಯಾರದೋ ತಕರಾರಿದೆ ಎಂದುಕೊಂಡು ಹೊರಡುತ್ತಾರೆ. ಇನ್ನೊಂದು ತೊಡಕು ಮಾತಿನ ನಡುವೆ ಹೊರಬಿತ್ತು: ಮೂಲ ಕ್ರಯಪತ್ರವೂ ಅದೇ ಕೋಣೆಯ ಟ್ರಂಕಿನಲ್ಲಿದೆ.

ಹಾಗಾಗಿ ಬಣ್ಣ, ಟೈಲ್ಸಿನ ಮಾತು ಪಕ್ಕಕ್ಕಿಟ್ಟು ಮೊದಲು ಬೀಗದ ಮಾತೇ ಆಯಿತು. ಅದನ್ನು ಆಯಿಯೇ ತೆಗೆಯಬೇಕು, ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಬೇಡ. ಮೊದಲ ದಿನ ಕಾಗದಪತ್ರ ಮಾತ್ರ. ಆಮೇಲೆ ಹಳೆ ಔಷಧಿ, ಪೇಪರು, ಮುರಿದ ಸಾಮಾನು. ಬಟ್ಟೆ, ಕನ್ನಡಕ, ಕೊಡೆ ಎಲ್ಲಕ್ಕಿಂತ ಕೊನೆಗೆ. ಇಡಬೇಕೋ ಕೊಡಬೇಕೋ ತಿಳಿಯದ್ದನ್ನು ಒಂದು ಪೆಟ್ಟಿಗೆಗೆ ಹಾಕಿ ಮಗಳ ಮನೆಗೆ ಕಳಿಸುವುದು. ಅದರ ತೀರ್ಮಾನಕ್ಕೆ ಅವಸರವಿಲ್ಲ. "ಇದೆಲ್ಲ ಯಾಕೆ ಆಯಿ, ಬಿಸಾಡು" ಎಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆಂದು ಮಗನನ್ನು ಬೇರೆ ಕೂರಿಸಿ ಹೇಳಬೇಕಾಯಿತು.

ಮಾರಾಟಕ್ಕೆ ಮದುವೆಯಾಗಿ ಹೋದ ಅಕ್ಕನ ಸಹಿ ಬೇಡವೆಂದು ಮಗ ನಂಬಿಕೊಂಡಿದ್ದ. ಮನೆ ತಂದೆಯ ಸ್ವಂತ ದುಡಿಮೆಯದು, ಉಯಿಲು ಬರೆದಿಲ್ಲ, ತಂದೆಯ ತಾಯಿ ಬದುಕಿಲ್ಲ. ಅಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಪಂಚಾಯ್ತಿಯಲ್ಲಿ ವಾರಸುದಾರರ ಹೆಸರಿಗೆ ಖಾತೆ ಮಾಡಿಸಿ, ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತುವಿನಲ್ಲಿ ಮನೆಯ ನಮೂನೆ ಪಡೆದು, ಆಸ್ತಿಯ ಮೇಲೆ ಸಾಲ, ಅಡಮಾನ ನೋಂದಣಿಯಾಗಿದೆಯೇ ಎಂದು ತೋರಿಸುವ ಋಣಭಾರ ಪತ್ರ ಕೈಯಲ್ಲಿಟ್ಟುಕೊಂಡ ಮೇಲೆಯೇ ಮನೆ ತೋರಿಸುವುದೆಂದು ತೀರ್ಮಾನವಾಯಿತು. ಸಾಲ ಮಾಡಿ ಕೊಳ್ಳುವವರು ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾಯುವುದಿಲ್ಲ, ಬೇರೆ ಮನೆ ನೋಡುತ್ತಾರೆ.

ಇನ್ನು ಖರ್ಚು. ಟೈಲ್ಸ್, ಫಾಲ್ಸ್ ಸೀಲಿಂಗ್ ಎರಡೂ ಬೇಡ. ಸೀಲಿಂಗ್ ಹಾಕಿದರೆ ಸೋರಿಕೆಯನ್ನು ಮುಚ್ಚಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಕರಾವಳಿಯಲ್ಲಿ ಮನೆ ನೋಡಲು ಬಂದವರ ಮೊದಲ ಪ್ರಶ್ನೆಯೇ "ಮಳೆಗಾಲದಲ್ಲಿ ಸೋರ್ತದಾ?" ಆದ್ದರಿಂದ ಒಡೆದ ಹಂಚು ಬದಲಿಸಿ, ಹಂಚು ಹೊರುವ ಮರದ ರೀಪು ಪಕಾಸಿನಲ್ಲಿ ಕೊಳೆತದ್ದನ್ನು ತೆಗೆಸುವುದಕ್ಕೆ ಮೊದಲ ದುಡ್ಡು. ಗೋಡೆಯ ಬುಡದಲ್ಲಿ ಮೂರಡಿವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಎದ್ದಿತ್ತು. ಮಳೆನೀರು ಒಯ್ಯುವ ಸೂರಂಚಿನ ದಂಬೆ ತೂತಾಗಿ ನೀರು ಬುಡಕ್ಕೇ ಬೀಳುತ್ತಿತ್ತು, ಅಂಗಳದ ಮಣ್ಣು ಏರಿ ಗೋಡೆಗೆ ತಾಗಿತ್ತು. ಮಣ್ಣನ್ನು ಒಳನೆಲದ ಮಟ್ಟಕ್ಕಿಂತ ಆರಿಂಚು ಕೆಳಗಿಳಿಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಬೇಕು. ಉಬ್ಬಿದ ಗಿಲಾವನ್ನು ತೇವದ ಗೆರೆಯಿಂದ ಒಂದಡಿ ಮೇಲಿನವರೆಗೂ ಕೆರೆದು ತೆಗೆದು, ಗೋಡೆ ಪೂರ್ತಿ ಒಣಗಲು ಬಿಡಬೇಕು. ಹಸಿ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಕೆಲವೇ ವಾರಗಳಲ್ಲಿ ಪದರ ಏಳುತ್ತದೆ. ಒಣಗಿದೆಯೋ ನೋಡಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಗೋಡೆಯ ಕಡೆಗೆ ಹನಿಗಟ್ಟಿದರೆ ತೇವ ಇನ್ನೂ ಒಳಗಿದೆ. ಇಷ್ಟೂ ಕೆಲಸ ದಸರಾ ಕಳೆದು ಮಳೆ ನಿಂತ ಮೇಲೆ. ಕಾಗದದ ಓಡಾಟ ಅಷ್ಟರೊಳಗೆ ಮುಗಿದಿರಲಿ.

ಬಾವಿ ಈ ಮನೆಯ ಆಸ್ತಿ. ಹೊಳೆ, ಸಮುದ್ರದ ಬದಿಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುವುದುಂಟು, ಹಾಗಾಗಿ ನೀರಿನ ಪರೀಕ್ಷೆಯ ವರದಿ ಕೈಯಲ್ಲಿರಲಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಕಸ ತೆಗೆಸಿದ ಮೇಲೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹಾಕಿ ಒಂದು ತಾಸು ಬಿಡಬೇಕು.

ತೇವ ಇದ್ದದ್ದನ್ನು ಕೊಳ್ಳುವವರಿಗೆ ಹೇಳಬೇಕೇ ಎಂದು ಮಗ ಕೇಳಿದ. ಹೇಳಲೇಬೇಕು. ಸುಲಭಕ್ಕೆ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ತಿಳಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ ಮಾರುವವರ ಹೊಣೆ. ದುರಸ್ತಿಯ ಫೋಟೋ, ಬಿಲ್ಲು ತೋರಿಸಿದರೆ ಚೌಕಾಸಿಗೂ ಅದೇ ಉತ್ತರವಾಗುತ್ತದೆ.

ತೋರಿಸುವ ದಿನ ಬೆಳಿಗ್ಗೆ ಏಳಕ್ಕೇ ಕಿಟಕಿ ಬಾಗಿಲೆಲ್ಲ ತೆರೆದಿಡಿ, ಅಟ್ಟದ ಒಣಮೀನು ಹಿಂದಿನ ದಿನವೇ ಖಾಲಿಯಾಗಲಿ. ಊದುಬತ್ತಿ ಬೇಡ, ವಾಸನೆ ಮುಚ್ಚಿದಂತೆ ಕಾಣುತ್ತದೆ. ಆಯಿ ಮನೆಯಲ್ಲೇ ಇರಲಿ. ಬಾವಿ ಯಾವ ತಿಂಗಳಲ್ಲಿ ಎಷ್ಟು ಇಳಿಯುತ್ತದೆ, ನೆರೆಯವರು ಎಂಥವರು ಎಂಬುದಕ್ಕೆ ಅವರಷ್ಟು ನೆಚ್ಚಿಕೆಯ ಉತ್ತರ ಯಾರೂ ಕೊಡಲಾರರು. ಬೆಲೆಯ ಮಾತು ಬಂದಾಗ ಮಗಳು ಮುಂದೆ ಬರುವುದು, ಮಗ ಸುಮ್ಮನಿರುವುದು ಎಂದು ಮೂವರೂ ಒಪ್ಪಿದರು.